ಸ್ಪೇರಿಗೆ ಸಾವಿರ, ಹುಡುಕಾಟಕ್ಕೆ ಸೊನ್ನೆ

ಮುಂದೆ ಹೋಗುತ್ತಿರುವ ಹಳೇ ಕಾರು ಬ್ರೇಕ್ ಹಾಕುತ್ತದೆ. ಪ್ರಖರವಾಗಿ ಉರಿಯಬೇಕಾದ ಕೆಂಪು ದೀಪ ಮಂಕಾಗಿ ಹೊತ್ತಿಕೊಳ್ಳುತ್ತದೆ, ಜೊತೆಗೆ ಇಂಡಿಕೇಟರ್ ಕೂಡ ಅರೆಬರೆ ಹೊಳೆಯುತ್ತದೆ. ಮುಂದಿನವನು ನಿಲ್ಲಿಸುತ್ತಾನೋ ತಿರುಗುತ್ತಾನೋ ಹಿಂದಿನವನಿಗೆ ಗೊತ್ತಾಗುವುದಿಲ್ಲ. ರಾಜ್ಯದ ಯಾವ ಹೆದ್ದಾರಿಯಲ್ಲಾದರೂ ಕಾಣಸಿಗುವ ನೋಟ ಇದು. ಇಂಥ ಕಾರು ಗ್ಯಾರೇಜಿಗೆ ಹೋದರೆ ಮೊದಲು ಬಲ್ಬ್ ಬದಲಾಗುತ್ತದೆ. ಆಮೇಲೆ ಹೋಲ್ಡರ್, ಆಮೇಲೆ ಬ್ರೇಕ್ ಸ್ವಿಚ್, ಕೊನೆಗೆ ಹಿಂದಿನ ಲೈಟ್ ಸೆಟ್ಟೇ ಹೊಸದಾಗುತ್ತದೆ. ಇಷ್ಟಾದರೂ ಇಂಡಿಕೇಟರ್ ಹೊಳೆಯುವುದು ನಿಲ್ಲದೆ ಇರಬಹುದು. ಏಕೆಂದರೆ ಕೆಟ್ಟಿದ್ದು ಇವು ಯಾವುವೂ ಅಲ್ಲ. ಆ ದೀಪಗಳೆಲ್ಲ ಸೇರಿ ಬಾಡಿಗೆ ಅರ್ಥ್ ಆಗುವ ಒಂದು ಸ್ಕ್ರೂ ತುಕ್ಕು ಹಿಡಿದಿದೆ, ಅಷ್ಟೆ.

ಮನೆಯ ವೈರಿಂಗಿಗೂ ವಾಹನದ ವೈರಿಂಗಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಮನೆಯಲ್ಲಿ ಕರೆಂಟ್ ಹೋಗಲು ಒಂದು ತಂತಿ, ಬರಲು ಒಂದು ತಂತಿ. ಕಾರಿನಲ್ಲಿ ಹೋಗುವುದಕ್ಕೆ ಮಾತ್ರ ತಂತಿ; ವಾಪಸು ಬರುವ ದಾರಿ ಕಾರಿನ ಕಬ್ಬಿಣದ ಮೈ. ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಾಡಿಗೂ ಎಂಜಿನ್ನಿಗೂ ಕಟ್ಟಿಬಿಟ್ಟರೆ ತಯಾರಕರಿಗೆ ತಾಮ್ರ ಉಳಿಯುತ್ತದೆ. ಆದರೆ ಇಪ್ಪತ್ತು ಮಳೆಗಾಲ ಕಂಡ ತಗಡು ತುಕ್ಕು ತಿಂದಾಗ, ಟಿಂಕರಿಂಗ್ ಮಾಡಿಸಿ ಪೇಂಟ್ ಹೊಡೆಸುವಾಗ ಸ್ಕ್ರೂ ಕೂರುವ ಜಾಗಕ್ಕೂ ಬಣ್ಣ ಬಿದ್ದಾಗ, ಆ ವಾಪಸು ದಾರಿ ಮುಚ್ಚುತ್ತದೆ. ಕರೆಂಟ್ ಬಳಸುದಾರಿ ಹಿಡಿಯುತ್ತದೆ. ಬ್ರೇಕ್ ದೀಪದಿಂದ ಬಂದದ್ದು ಹಿಂದಿನ ಇಂಡಿಕೇಟರ್ ಬಲ್ಬಿನೊಳಗೆ ಹಿಮ್ಮುಖವಾಗಿ ನುಗ್ಗಿ, ಅದರ ತಂತಿಗುಂಟ ಸಾಗಿ, ಅದೇ ಬದಿಯ ಮುಂದಿನ ಇಂಡಿಕೇಟರ್ ಬಲ್ಬಿನ ಅರ್ಥ್ ಮೂಲಕ ಬ್ಯಾಟರಿ ಸೇರುತ್ತದೆ. ಮೂರು ಬಲ್ಬುಗಳು ಒಂದೇ ಸಾಲಿನಲ್ಲಿ ಹಂಚಿಕೊಂಡ ಕರೆಂಟಿನಿಂದ ಯಾವುದೂ ಸರಿಯಾಗಿ ಉರಿಯುವುದಿಲ್ಲ. ಸ್ಯಾಂಡ್‌ಪೇಪರಿನ ಒಂದು ತುಂಡು ಹಾಗೂ ಸ್ಕ್ರೂಡ್ರೈವರ್ ಸಾಕು, ಕೆಲಸ ಮುಗಿಯಿತು.

ಹಳೇ ವಾಹನದ ಎಲೆಕ್ಟ್ರಿಕಲ್ ತೊಂದರೆಗಳಲ್ಲಿ ಹೆಚ್ಚಿನವು ಈ ಜಾತಿಯವೇ. ಸಾಮಾನು ಕೆಡುವುದಕ್ಕಿಂತ ಸಾಮಾನು ಸಾಮಾನಿನ ನಡುವಿನ ಜೋಡಣೆ ಕೆಡುವುದು ಜಾಸ್ತಿ: ಕಿಲುಬು ಹಿಡಿದ ಟರ್ಮಿನಲ್, ಸಡಿಲಾದ ಕನೆಕ್ಟರ್, ಪ್ಲಾಸ್ಟಿಕ್ಕಿನೊಳಗೇ ಮುರಿದ ತಂತಿ. ನಮ್ಮ ರಿಪೇರಿ ಪದ್ಧತಿ ಮಾತ್ರ ಸಾಮಾನು ಮಾರುವ ಲೆಕ್ಕಾಚಾರದ ಮೇಲೆ ನಿಂತಿದೆ. ಸ್ಪೇರ್ ಪಾರ್ಟಿಗೆ ಬೆಲೆ ಇದೆ, ಹಾಕುವುದಕ್ಕೆ ಕೂಲಿ ಇದೆ. ಎಲ್ಲಿ ಕೆಟ್ಟಿದೆ ಎಂದು ಹುಡುಕುವುದಕ್ಕೆ ಬೆಲೆ ಇಲ್ಲ. ಹಳೇ ಗಾಡಿ ಇಟ್ಟುಕೊಂಡವರು ಪದೇ ಪದೇ ದುಡ್ಡು ಕಳೆದುಕೊಳ್ಳುವುದಕ್ಕೆ ಗಾಡಿಯ ವಯಸ್ಸಿಗಿಂತ ಈ ಪದ್ಧತಿಯೇ ದೊಡ್ಡ ಕಾರಣ.

ಸೆಲ್ಫ್ ವಿಚಾರವನ್ನೇ ತೆಗೆದುಕೊಳ್ಳಿ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಹ್ಯಾಂಡಲ್ ತಿರುಗಿಸಿ ಕೈ ಮುರಿದುಕೊಳ್ಳುವ ಕಾಲ ಹಿಂದೆ ಸರಿಯಿತು. ಅಲ್ಲಿಂದಾಚೆಗೆ ಕಾರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕರೆಂಟ್ ಎಳೆಯುವ ಸಾಮಾನು ಅದೇ. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಕೂಡ ಎಂಜಿನ್ ತಿರುಗಿಸುವಾಗ ನೂರು, ನೂರೈವತ್ತು ಆಂಪಿಯರ್ ಎಳೆಯುತ್ತದೆ. ಎಂಜಿನ್ನಿನಿಂದ ಬಾಡಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿ ಕಿಲುಬು ಹಿಡಿದು ಬರೀ 0.02 ಓಮ್‌ನಷ್ಟು ಅಡ್ಡಿ ಮಾಡಿತು ಎನ್ನಿ. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ 150 ಆಂಪಿಯರ್ ಹರಿಯುವಾಗ ಆ ಒಂದು ಜಾಗದಲ್ಲೇ 3 ವೋಲ್ಟ್ ಕರಗಿಹೋಗುತ್ತದೆ. ಸೆಲ್ಫ್ ಹೊಡೆಯುವಾಗ ಒಳ್ಳೆಯ ಬ್ಯಾಟರಿಯೂ 12.6ರಿಂದ 10–11 ವೋಲ್ಟಿಗೆ ಇಳಿದಿರುತ್ತದೆ. ಅದರಲ್ಲೂ ಮೂರು ಕಳೆದರೆ ಮೋಟಾರಿಗೆ ಉಳಿಯುವುದೆಷ್ಟು? ಗಾಡಿ 'ಕಟ್ ಕಟ್' ಎನ್ನುತ್ತದೆ. ಸುತ್ತ ನಿಂತವರೆಲ್ಲ ಒಕ್ಕೊರಲಿನಿಂದ ಹೇಳುವುದು ಒಂದೇ: ಬ್ಯಾಟರಿ ಹೋಯ್ತು ಸಾರ್.

ಹೊಸ ಬ್ಯಾಟರಿ ಬರುತ್ತದೆ. ಗಾಡಿ ಸ್ಟಾರ್ಟ್ ಕೂಡ ಆಗುತ್ತದೆ, ಅದೇ ಮೋಸ. ಹೊಸ ಬ್ಯಾಟರಿಗೆ ತುಸು ಹೆಚ್ಚು ಶಕ್ತಿ ಇರುವುದರಿಂದ ಆ ಅಡ್ಡಿಯನ್ನು ಹೇಗೋ ದಾಟಿಸುತ್ತದೆ. ಕೆಲವು ವಾರ ಕಳೆದು, ಅಡ್ಡಿ ಇನ್ನಷ್ಟು ಬೆಳೆದ ಮೇಲೆ ಮತ್ತೆ ಅದೇ ರಾಗ. ಈ ಸಲ ಸೆಲ್ಫ್ ಮೋಟಾರ್ ಬಿಚ್ಚುತ್ತಾರೆ.

ಈ ತಪ್ಪನ್ನು ಮಲ್ಟಿಮೀಟರ್ ಇದ್ದವರೂ ಮಾಡುತ್ತಾರೆ. ಮೀಟರನ್ನು ಓಮ್‌ಗೆ ತಿರುಗಿಸಿ ಪಟ್ಟಿಯ ಎರಡು ತುದಿ ಮುಟ್ಟಿಸಿದರೆ 'ಬೀಪ್' ಎನ್ನುತ್ತದೆ. ಕನೆಕ್ಷನ್ ಸರಿ ಇದೆ ಎಂದು ಬಿಟ್ಟುಬಿಡುತ್ತಾರೆ. ಸಾಮಾನ್ಯ ಮೀಟರಿಗೆ 0.02 ಓಮ್ ಕಾಣುವುದೇ ಇಲ್ಲ, ಅದರ ಪ್ರೋಬ್ ತಂತಿಗಳ ಸ್ವಂತ ಅಡ್ಡಿಯೇ ಅದಕ್ಕಿಂತ ಹೆಚ್ಚು. ಇಪ್ಪತ್ತು ಎಳೆಯ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ, ಏಕೆಂದರೆ ಅದು ಪರೀಕ್ಷೆಗೆ ಹರಿಸುವುದು ಲೆಕ್ಕಕ್ಕೇ ಸಿಗದಷ್ಟು ಕರೆಂಟ್. ತಂತಿಯ ಯೋಗ್ಯತೆ ತಿಳಿಯಬೇಕಾದರೆ ಅದು ಭಾರ ಹೊತ್ತಿರುವಾಗಲೇ ನೋಡಬೇಕು.

ನೋಡುವ ವಿಧಾನ ಹೀಗೆ. ಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ, ಒಂದು ಪ್ರೋಬನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಒತ್ತಿ ಹಿಡಿಯಬೇಕು. ಕ್ಲ್ಯಾಂಪಿನ ಮೇಲಲ್ಲ, ಸೀಸದ ಕಂಬದ ಮೇಲೇ. ಇನ್ನೊಂದನ್ನು ಎಂಜಿನ್ ಮೇಲೆ ಬಣ್ಣ, ಎಣ್ಣೆಜಿಡ್ಡು ಇಲ್ಲದ, ಲೋಹ ಕಾಣುವ ಜಾಗಕ್ಕೆ. ಎಂಜಿನ್ ಸ್ಟಾರ್ಟ್ ಆಗಿಬಿಡದಂತೆ ಕಾಯಿಲಿಗೆ ಬರುವ ಸಣ್ಣ ವೈರನ್ನು ಕಿತ್ತಿಟ್ಟು, ಇನ್ನೊಬ್ಬರಿಂದ ಮೂರು ನಾಲ್ಕು ಸೆಕೆಂಡ್ ಸೆಲ್ಫ್ ಹೊಡೆಸಬೇಕು. ಮೀಟರ್ 0.2, 0.3 ವೋಲ್ಟಿನೊಳಗೆ ತೋರಿಸಿದರೆ ವಾಪಸು ದಾರಿ ಚೆನ್ನಾಗಿದೆ. ಒಂದೂವರೆ, ಎರಡು ತೋರಿಸಿದರೆ ಕಳ್ಳ ಸಿಕ್ಕ. ಇನ್ನು ಎಂಜಿನ್ ಮೇಲಿನ ಪ್ರೋಬನ್ನು ಬಾಡಿಗೆ, ಬಾಡಿಯಿಂದ ಕೇಬಲಿನ ಲಗ್ಗಿಗೆ, ಲಗ್ಗಿನಿಂದ ಕ್ಲ್ಯಾಂಪಿಗೆ ಸರಿಸುತ್ತ ಬಂದರೆ ಯಾವ ಜೋಡಣೆಯ ಎರಡು ಬದಿಗೆ ಅಂಕಿ ಥಟ್ಟನೆ ಬದಲಾಗುತ್ತದೋ ಅದೇ ಕೆಟ್ಟ ಜೋಡಣೆ. ಯಾವ ಭಾಗವನ್ನೂ ಬಿಚ್ಚಿಲ್ಲ, ಯಾವುದನ್ನೂ ಕೊಂಡಿಲ್ಲ. ಪಾಸಿಟಿವ್ ಕಡೆಗೂ ಇದೇ ಕ್ರಮ.

ಎಂಜಿನ್ನಿನ ಅರ್ಥ್ ಪಟ್ಟಿ ಪೂರ್ತಿ ಕಡಿದರೆ ಇನ್ನೂ ವಿಚಿತ್ರವಾದದ್ದು ನಡೆಯುತ್ತದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗುಗಳ ಮೇಲೆ, ಅಲ್ಲಿ ಕರೆಂಟಿಗೆ ದಾರಿ ಇಲ್ಲ. ಹೀಗಾಗಿ ಸೆಲ್ಫಿನ ಅಷ್ಟೂ ಕರೆಂಟ್ ಆಕ್ಸಿಲರೇಟರ್ ಕೇಬಲ್ಲೋ ಕ್ಲಚ್ ಕೇಬಲ್ಲೋ ಹಿಡಿದು ಬಾಡಿ ಸೇರಲು ನೋಡುತ್ತದೆ. ಆ ತೆಳ್ಳನೆಯ ಉಕ್ಕಿನ ಕೇಬಲ್ ಕಾದು ಒಳಗಿನ ಪ್ಲಾಸ್ಟಿಕ್ ಕರಗಿ ಬಿಗಿಯುತ್ತದೆ. ಆಕ್ಸಿಲರೇಟರ್ ಗಟ್ಟಿಯಾಗಿದೆ ಎಂದು ಬರುವ ಗಿರಾಕಿಗೆ ಹೊಸ ಕೇಬಲ್ ಹಾಕಿ ಕಳಿಸುತ್ತಾರೆ, ಅದೂ ಸುಡುತ್ತದೆ. ಇದನ್ನು ಬಲ್ಲ ಎಲೆಕ್ಟ್ರೀಶಿಯನ್ ಕೇಬಲ್ ಮುಟ್ಟುವ ಮೊದಲು ಬಗ್ಗಿ ಅರ್ಥ್ ಪಟ್ಟಿ ನೋಡುತ್ತಾನೆ.

ಹಾಗಾದರೆ ಎಲ್ಲರೂ ಮೊದಲು ಪಟ್ಟಿಯನ್ನೇ ಏಕೆ ನೋಡುವುದಿಲ್ಲ? ಮೆಕ್ಯಾನಿಕ್‌ಗಳೆಲ್ಲ ಕಳ್ಳರು, ಇಲ್ಲವೇ ದಡ್ಡರು ಎಂಬ ಉತ್ತರ ಸುಲಭ, ಆದರೆ ಸುಳ್ಳು. ಬಿಲ್ಲಿನಲ್ಲಿ 'ಬ್ಯಾಟರಿ – 1' ಎಂದಿದ್ದರೆ ಗಿರಾಕಿ ನಾಲ್ಕೈದು ಸಾವಿರ ಎಣಿಸಿ ಕೊಡುತ್ತಾನೆ. ಕೈಗೆ ಹೊಸ ಸಾಮಾನು ಬಂತು, ವಾರಂಟಿ ಕಾರ್ಡ್ ಬಂತು. ಅದೇ, 'ಒಂದು ಗಂಟೆ ಹುಡುಕಿದೆ, ಒಂದು ಬೋಲ್ಟ್ ಕೆರೆದು ಬಿಗಿ ಮಾಡಿದೆ, ಆರುನೂರು ಕೊಡಿ' ಎಂದರೆ ಜಗಳಕ್ಕೆ ನಿಲ್ಲುತ್ತಾನೆ. ಸ್ಟೆತಸ್ಕೋಪ್ ಇಟ್ಟು ನೋಡಿ 'ಏನೂ ತೊಂದರೆ ಇಲ್ಲ, ಮಾತ್ರೆ ಬೇಡ' ಎಂದ ಡಾಕ್ಟರಿಗೆ ಮರುಮಾತಿಲ್ಲದೆ ಫೀಸು ಕೊಟ್ಟು ಬರುವ ಮನುಷ್ಯನೇ ಇವನು. ಗ್ಯಾರೇಜಿನವನು ಹುಡುಕುವುದಕ್ಕೆ ಹೊತ್ತು ಕಳೆದರೆ ನಷ್ಟ, ಸಾಮಾನು ಬದಲಿಸಿದರೆ ಲಾಭ. ಬ್ಯಾಟರಿ ಮಾರಿದರೆ ಕಮಿಷನ್ ಸಿಗುತ್ತದೆ, ಬಿಚ್ಚಿಟ್ಟ ಹಳೆಯದರ ಸೀಸಕ್ಕೂ ಬೆಲೆ ಇದೆ. ಯಾರಿಗೂ ಮೋಸ ಮಾಡುವ ಉದ್ದೇಶವಿಲ್ಲದವನೂ ಈ ಇಳಿಜಾರಿನಲ್ಲಿ ಜಾರುತ್ತಾನೆ.

ಬದಲಾಯಿಸಿ ನೋಡುವುದೆಲ್ಲ ತಪ್ಪು ಎನ್ನುವುದೂ ಸರಿಯಲ್ಲ. ಸರಿ ಇದೆ ಎಂದು ಖಾತ್ರಿ ಇರುವ ರಿಲೇಯನ್ನು ಅನುಮಾನದ ರಿಲೇಯ ಜಾಗಕ್ಕೆ ಚುಚ್ಚಿ ನೋಡುವುದು ಒಳ್ಳೆಯ ಪರೀಕ್ಷೆಯೇ; ಫಲ ಸಿಗದಿದ್ದರೆ ಅದನ್ನು ವಾಪಸು ತೆಗೆದುಕೊಳ್ಳಬೇಕು, ಬಿಲ್ಲಿಗೆ ಸೇರಿಸಬಾರದು. ಪದ್ಮಿನಿ ಕಾಲದ ಗಾಡಿಗಳ ಪಾಯಿಂಟ್ ಮತ್ತು ಕಂಡೆನ್ಸರ್ ಅಗ್ಗದವು, ಸವೆಯುವಂಥವು. ಅವನ್ನು ಅಳೆಯುತ್ತ ಕೂರುವ ಬದಲು ಹೊಸದು ಹಾಕುವುದೇ ಜಾಣತನ. ಮದುವೆ ದಿಬ್ಬಣ ಹೊತ್ತ ಟ್ಯಾಕ್ಸಿ ಶಿರಾಡಿ ಘಾಟಿಯಲ್ಲಿ ನಿಂತಾಗ ವೋಲ್ಟೇಜ್ ಡ್ರಾಪ್ ಪಾಠ ಯಾರಿಗೂ ಬೇಡ. ಅಲ್ಲಿ ಗಾಡಿ ಹೊರಡಬೇಕು. ಆಕ್ಷೇಪ ಇರುವುದು, ಆ ತುರ್ತಿನ ರೀತಿಯೇ ಬೆಂಗಳೂರಿನ ಜೆ.ಸಿ. ರಸ್ತೆಯ ಪಕ್ಕದ ಗ್ಯಾರೇಜಿನಲ್ಲೂ, ಮಂಗಳವಾರದ ನಿಧಾನ ಮಧ್ಯಾಹ್ನದಲ್ಲೂ ರೂಢಿಯಾಗಿಬಿಟ್ಟಿರುವುದಕ್ಕೆ.

ಈ ಚಾಳಿ ನಮ್ಮಲ್ಲಿ ಮಾತ್ರ ಇದೆ ಎಂದುಕೊಳ್ಳಬೇಕಿಲ್ಲ. ಹಳೇ ಬ್ರಿಟಿಷ್ ಕಾರುಗಳ ಅಭಿಮಾನಿಗಳಲ್ಲಿ ಬರ್ಮಿಂಗ್‌ಹ್ಯಾಮಿನ ಲೂಕಾಸ್ ಕಂಪನಿಯನ್ನು 'ಕತ್ತಲೆಯ ರಾಜಕುಮಾರ' ಎಂದು ಗೇಲಿ ಮಾಡುವ ಹಳೇ ಜೋಕ್ ಇದೆ, ಆ ಕಾರುಗಳ ದೀಪ ಕೈಕೊಡುತ್ತಿದ್ದ ಕಾರಣಕ್ಕೆ. ಆ ಅಪವಾದದಲ್ಲಿ ಅರ್ಧದಷ್ಟಾದರೂ ಜೋಡಣೆಗಳ ಪಾಲಿಗೆ ಸೇರಬೇಕಾದದ್ದು. ಆ ಕಾಲದ ತಂತಿಗಳನ್ನು ಕೂಡಿಸುತ್ತಿದ್ದುದು ತೇವ ತಡೆಯದ, ಗುಂಡಿನಾಕಾರದ ಸಣ್ಣ ಕನೆಕ್ಟರುಗಳು. ಫ್ಯೂಸುಗಳಂತೂ ಇಡೀ ಕಾರಿಗೆ ಬೆರಳೆಣಿಕೆಯಷ್ಟು. ಅದೇ ಲೂಕಾಸ್ ಪರಂಪರೆ ಒಂದು ಉಪಕಾರವನ್ನೂ ಮಾಡಿತು. ತಂತಿಯ ಬಣ್ಣ ನೋಡಿದರೆ ಅದರ ಕೆಲಸ ತಿಳಿಯುವ ಹಾಗೆ ಬ್ರಿಟಿಷ್ ಕಾರುಗಳಲ್ಲಿ ಒಂದು ಕಟ್ಟುಪಾಡು ನೆಲೆಗೊಂಡಿತು. ಕಂದು ಬಣ್ಣದ್ದು ಬ್ಯಾಟರಿಯಿಂದ ನೇರ ಬರುವುದು. ಬಿಳಿಯದು ಕೀ ತಿರುಗಿಸಿದ ಮೇಲೆ ಜೀವ ಪಡೆಯುವುದು. ಹಸಿರು ಅದೇ ಕರೆಂಟ್ ಫ್ಯೂಸ್ ದಾಟಿ ಬಂದದ್ದು, ನೇರಳೆ ಕೀ ಇಲ್ಲದೆಯೂ ಫ್ಯೂಸ್ ಮೂಲಕ ಬರುವುದು. ನೀಲಿ ಹೆಡ್‌ಲೈಟಿಗೆ, ಕೆಂಪು ಪಾರ್ಕಿಂಗ್ ದೀಪಕ್ಕೆ, ಕಪ್ಪು ಅರ್ಥ್. ಮೋರಿಸ್ ಆಕ್ಸ್‌ಫರ್ಡ್‌ನ ಅಚ್ಚಿನಲ್ಲಿ ಹುಟ್ಟಿ 2014ರವರೆಗೆ ತಯಾರಾದ ಅಂಬಾಸಿಡರ್ ಈ ಮನೆತನದ್ದೇ.

ಆದರೆ ಮೂವತ್ತು ವರ್ಷ ಓಡಿದ ಗಾಡಿಯಲ್ಲಿ ಈ ಬಣ್ಣಗಳ ಭಾಷೆ ಉಳಿದಿರುವುದು ಅಪರೂಪ. ಒಬ್ಬ ಮಾಲೀಕ ಟೇಪ್ ರೆಕಾರ್ಡರ್ ಹಾಕಿಸಿದ, ಇನ್ನೊಬ್ಬ ಫಾಗ್ ಲ್ಯಾಂಪ್, ಮತ್ತೊಬ್ಬ ರಿವರ್ಸ್ ಹಾರ್ನ್. ಪ್ರತಿಯೊಬ್ಬರ ಎಲೆಕ್ಟ್ರೀಶಿಯನ್ನೂ ಅಂಗಡಿಯಲ್ಲಿ ಕೈಗೆ ಸಿಕ್ಕ ಬಣ್ಣದ ವೈರ್ ತೆಗೆದು, ಇದ್ದ ತಂತಿಯ ಪ್ಲಾಸ್ಟಿಕ್ ಸುಲಿದು, ತಿರುಚಿ ಕಟ್ಟಿ, ಕರಿ ಟೇಪ್ ಸುತ್ತಿದ. ಬಿಸಿಗೆ ಟೇಪಿನ ಗೋಂದು ಕರಗಿ ಜಾರುತ್ತದೆ. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ತೇವ ಸೇರಿದರೆ ತಾಮ್ರ ಹಸಿರಾಗಿ ಪುಡಿಯಾಗುತ್ತದೆ. ಬೆಸುಗೆ ಹಾಕಿ ಅಥವಾ ಸರಿಯಾದ ಲಗ್ ಒತ್ತಿ ಜೋಡಿಸಲು ಹತ್ತು ನಿಮಿಷ ಹೆಚ್ಚು ಬೇಕು. ಆ ಹತ್ತು ನಿಮಿಷಕ್ಕೂ ಯಾರೂ ದುಡ್ಡು ಕೊಟ್ಟಿರಲಿಲ್ಲ.

ಇದರ ಜೊತೆ ಹೆಡ್‌ಲೈಟಿನ ದುರಾಸೆ. 45 ವ್ಯಾಟ್ ಬಲ್ಬಿಗೆ ಎಂದು ಎಳೆದ ತಂತಿಗೆ ಮತ್ತು ಸ್ವಿಚ್ಚಿಗೆ 100 ವ್ಯಾಟ್ ಬಲ್ಬ್ ಸಿಕ್ಕಿಸಿದರೆ ನಾಲ್ಕು ಆಂಪಿಯರಿಗಿಂತ ಕಡಿಮೆ ಹರಿಯುತ್ತಿದ್ದಲ್ಲಿ ಎಂಟಕ್ಕಿಂತ ಹೆಚ್ಚು ಹರಿಯುತ್ತದೆ, ಅದೂ ಒಂದೊಂದು ಬಲ್ಬಿಗೆ. ಸ್ವಿಚ್ ಕರಗುತ್ತದೆ, ಬೆಳಕು ನಿರೀಕ್ಷಿಸಿದಷ್ಟು ಬರುವುದೂ ಇಲ್ಲ. ಸಾಮಾನ್ಯ ಬಲ್ಬಿಗೆ ಸಿಗುವ ವೋಲ್ಟೇಜ್ ಶೇ. 10ರಷ್ಟು ಇಳಿದರೆ ಬೆಳಕು ಸುಮಾರು ಶೇ. 30ರಷ್ಟು ಇಳಿಯುತ್ತದೆ. ಮೊದಲಿನ ಬಲ್ಬನ್ನೇ ಇಟ್ಟು, ಬ್ಯಾಟರಿಯಿಂದ ನೇರ ದಪ್ಪ ತಂತಿ, ಒಂದು ಫ್ಯೂಸ್, ಒಂದು ರಿಲೇ ಕೊಟ್ಟರೆ ಹಳೇ ದೀಪವೇ ಹೊಸದಾಗುತ್ತದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳನ್ನು ಇನ್ನೂ ಮುದ್ದಾಗಿ ಸಾಕುತ್ತಿರುವವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನಕ್ಕೆ ಬೆಂಗಳೂರಿನಲ್ಲಿ ಆ ಬೈಕುಗಳು ಸಾಲುಗಟ್ಟಿ ಸೇರುತ್ತವೆ. ಹಳೆಯ ಜಾವಾಗಳದ್ದು 6 ವೋಲ್ಟಿನ ವ್ಯವಸ್ಥೆ. ವೋಲ್ಟೇಜ್ ಅರ್ಧವಾದರೆ ಅದೇ 35 ವ್ಯಾಟ್ ಬೆಳಕಿಗೆ ಎರಡರಷ್ಟು ಕರೆಂಟ್ ಬೇಕು: 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್, 6 ವೋಲ್ಟಿನಲ್ಲಿ 6. ದಾರಿಯಲ್ಲೆಲ್ಲೋ 0.2 ಓಮ್ ಕಿಲುಬು ಇದ್ದರೆ ಮೊದಲನೆಯದರಲ್ಲಿ ಹೋಗುವುದು ಶೇ. 5, ಎರಡನೆಯದರಲ್ಲಿ ಶೇ. 20. ಅದೇ ಕೊಳೆ, ನಾಲ್ಕು ಪಟ್ಟು ಹಾನಿ. 'ಜಾವಾ ಲೈಟು ಮೇಣದಬತ್ತಿ ಇದ್ದಂಗೆ' ಎಂದು ಹೀಗಳೆಯುವ ಮೊದಲು ಹ್ಯಾಂಡಲ್ ಬುಡದ ಕನೆಕ್ಷನ್‌ಗಳನ್ನು, ಡೂಮಿನ ಅರ್ಥನ್ನು ಉಜ್ಜಿ ನೋಡುವುದು ಒಳ್ಳೆಯದು. ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ ಮಾತ್ರ ಹಾರ್ನ್ ನಿಲ್ಲುವ ಸ್ಕೂಟರುಗಳ ಕಥೆಯೂ ಅಲ್ಲಿಯದೇ. ದಿನಕ್ಕೆ ನೂರಾರು ಸಲ ಬಾಗುವ ತಂತಿ ಆ ಬುಡದಲ್ಲೇ ಒಳಗೊಳಗೆ ತುಂಡಾಗುತ್ತದೆ, ಹೊರಗಿನ ಪ್ಲಾಸ್ಟಿಕ್ ಅಖಂಡವಾಗಿ ಕಾಣುತ್ತದೆ.

ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸತ್ತಿದ್ದರೆ ಹುಡುಕುವ ಕ್ರಮ ಬೇರೆ. ಚಾರ್ಜ್ ತುಂಬಿದ ಬ್ಯಾಟರಿ ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.4ರವರೆಗೆ ತೋರಿಸಬೇಕು. ಈ ಎರಡೂ ಸರಿ ಇದ್ದರೆ ಡೈನಮೋ ನಿರ್ದೋಷಿ, ಬ್ಯಾಟರಿ ಕೂಡ ಬಹುಮಟ್ಟಿಗೆ ನಿರ್ದೋಷಿ. ಆಗ ಎಲ್ಲೋ ಕರೆಂಟ್ ಸೋರುತ್ತಿದೆ. ಮುಚ್ಚಿದ ಡಿಕ್ಕಿಯೊಳಗೆ ಆರದೆ ಉರಿಯುವ 5 ವ್ಯಾಟಿನ ದೀಪವೊಂದು ದಿನಕ್ಕೆ 10 ಆಂಪಿಯರ್-ಅವರ್ ತಿನ್ನುತ್ತದೆ; ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಎರಡನೇ ದಿನವೇ ಸೆಲ್ಫ್ ಎತ್ತಲು ಒದ್ದಾಡುತ್ತದೆ. ಎಲ್ಲ ಆಫ್ ಮಾಡಿ, ನೆಗೆಟಿವ್ ಕ್ಲ್ಯಾಂಪ್ ತೆಗೆದು, ನಡುವೆ ಮೀಟರನ್ನು ಆಂಪಿಯರ್ ಅಳತೆಗೆ ಇಟ್ಟು ಜೋಡಿಸಬೇಕು. ಆ ಸ್ಥಿತಿಯಲ್ಲಿ ಯಾರೂ ಕೀ ಮುಟ್ಟಬಾರದು, ಸೆಲ್ಫ್ ಹೊಡೆದರೆ ಮೀಟರ್ ಸುಟ್ಟೀತು. 50 ಮಿಲಿಆಂಪಿಯರಿಗಿಂತ ಹೆಚ್ಚು ತೋರಿಸಿದರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಹೋಗಬೇಕು. ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಸೋರಿಕೆ ಆ ಸಾಲಿನಲ್ಲಿದೆ. ಉದ್ದದ ಸರ್ಕ್ಯೂಟ್ ಆದರೆ ನಡುವಿನ ಕನೆಕ್ಟರ್ ಬಿಚ್ಚಿ ಅರ್ಧಕ್ಕೆ ಅರ್ಧ ಕೈಬಿಡುತ್ತ ಬರಬೇಕು: ಹದಿನಾರು ಅನುಮಾನದ ಜಾಗಗಳಿದ್ದರೂ ನಾಲ್ಕು ಅಳತೆಗೆ ಒಂದೇ ಉಳಿಯುತ್ತದೆ.

ಇಲ್ಲಿ ಹಳೇ ಉಸ್ತಾದರ ಟೆಸ್ಟ್ ಲ್ಯಾಂಪಿನ ಪರವಾಗಿ ಒಂದು ಮಾತು ಹೇಳಲೇಬೇಕು. ಎರಡು ವೈರು, ಒಂದು ಇಂಡಿಕೇಟರ್ ಬಲ್ಬು, ಅಷ್ಟೆ ಸಲಕರಣೆ. ಡಿಜಿಟಲ್ ಮೀಟರ್ ಕಂಡ ಹುಡುಗರು ಅದನ್ನು ನೋಡಿ ನಗುತ್ತಾರೆ. ಆದರೆ ಆ 21 ವ್ಯಾಟ್ ಬಲ್ಬ್ ಉರಿಯಬೇಕಾದರೆ ತಂತಿ ನಿಜಕ್ಕೂ ಸುಮಾರು ಎರಡು ಆಂಪಿಯರ್ ಹೊರಬೇಕು. ಒಂದೇ ಎಳೆ ಉಳಿದ ಕೊಳಕು ತಂತಿಯಲ್ಲಿ ಮೀಟರ್ 12 ವೋಲ್ಟ್ ಎಂದು ಸುಳ್ಳು ಭರವಸೆ ಕೊಡುವಾಗ ಈ ಬಲ್ಬ್ ಮಂಕಾಗಿ ಸತ್ಯ ಹೇಳುತ್ತದೆ. ಇಂಜೆಕ್ಷನ್ ಎಂಜಿನ್, ಏರ್‌ಬ್ಯಾಗ್ ಇರುವ ಗಾಡಿಗಳ ಕಂಪ್ಯೂಟರ್ ತಂತಿಗಳಿಗೆ ಮಾತ್ರ ಇದನ್ನು ಮುಟ್ಟಿಸಬಾರದು.

ಪದೇ ಪದೇ ಹಾರುವ ಫ್ಯೂಸಿನ ಜಾಗಕ್ಕೆ ಸಿಗರೇಟ್ ಪೊಟ್ಟಣದ ಬೇಗಡೆಯನ್ನೋ ತಾಮ್ರದ ಎಳೆಯನ್ನೋ ಇಡುವ ಅಭ್ಯಾಸ ಇನ್ನೂ ಹೋಗಿಲ್ಲ. ಫ್ಯೂಸ್ ಇರುವುದು ರೇಡಿಯೊ ಉಳಿಸಲಿಕ್ಕಲ್ಲ. ತಂತಿ ಕಾದು ಗಾಡಿಗೆ ಬೆಂಕಿ ಹತ್ತದಿರಲಿ ಎಂದು. ಅದು ಹಾರಿತೆಂದರೆ ಎಲ್ಲೋ ಶಾರ್ಟ್ ಇದೆ, ಇಲ್ಲವೇ ತಂತಿಯ ಮೇಲೆ ಹೊರೆ ಹೆಚ್ಚಾಗಿದೆ ಎಂದರ್ಥ. ಇಲಿ ಕಡಿದ ತಂತಿ ಬಾಡಿಗೆ ತಾಗುತ್ತಿರಲೂಬಹುದು.

ಸ್ಕ್ಯಾನರ್ ಬಂದಿದೆಯಲ್ಲ, ಇನ್ನೆಲ್ಲಿ ಹುಡುಕಾಟ ಎನ್ನುವವರಿದ್ದಾರೆ. ಇಂಜೆಕ್ಷನ್ ಕಾರುಗಳೇ ಈಗ ಹಳೇ ಗಾಡಿಗಳ ಸಾಲಿಗೆ ಸೇರಿವೆ. ಖಾಸಗಿ ವಾಹನದ ನೋಂದಣಿಯ 15 ವರ್ಷ ಮುಗಿಸಿ, ಐದೈದು ವರ್ಷಕ್ಕೆ ನವೀಕರಿಸಿಕೊಂಡು ಓಡುತ್ತಿವೆ. ಅವಕ್ಕೆ ಸ್ಕ್ಯಾನರ್ ಚುಚ್ಚಿದರೆ ಪಿ0562 ಎಂಬ ಕೋಡ್ ಬಂತು ಎನ್ನಿ. ವೋಲ್ಟೇಜ್ ಕಡಿಮೆ ಎಂದು ಅದರರ್ಥ. ಬ್ಯಾಟರಿ ಸವೆದಿದೆಯೋ, ಡೈನಮೋ ಕೆಟ್ಟಿದೆಯೋ, ಬೆಲ್ಟ್ ಜಾರುತ್ತಿದೆಯೋ, ಅರ್ಥ್ ಸಡಿಲವೋ ಅದು ಹೇಳುವುದಿಲ್ಲ. ಸೆನ್ಸರ್ ಹೆಸರಿನ ಕೋಡ್ ಬಂದರಂತೂ ತಂತಿ ನೋಡದೆ ಸೆನ್ಸರನ್ನೇ ಬದಲಿಸುತ್ತಾರೆ. ಸ್ಪೇರ್ ಮಾರಾಟಕ್ಕೆ ಕಂಪ್ಯೂಟರಿನ ಮುದ್ರೆ ಬಿದ್ದಂತಾಯಿತು, ಅಷ್ಟೆ.

ಇದಕ್ಕೆ ಪರಿಹಾರ ಮೂರು ಕಡೆಯಿಂದ ಬರಬೇಕು. ಗ್ಯಾರೇಜುಗಳು 'ತಪಾಸಣೆ ಶುಲ್ಕ' ಎಂದು ಗೋಡೆಯ ಮೇಲೆ ಬರೆದು ಹಾಕಲಿ, ರಿಪೇರಿ ಮಾಡಿಸಲಿ ಬಿಡಲಿ ಅದನ್ನು ಪಡೆಯಲಿ, ಅಳತೆಯ ಅಂಕಿಗಳನ್ನು ಬಿಲ್ಲಿನ ಮೇಲೆ ಬರೆದುಕೊಡಲಿ. ಐಟಿಐಗಳಲ್ಲಿ ಮೋಟಾರು ಮೆಕ್ಯಾನಿಕ್ ಕಲಿಯುವ ಹುಡುಗರಿಗೆ ವೈರಿಂಗ್ ಡಯಾಗ್ರಾಂ ಓದುವುದನ್ನು ಪರೀಕ್ಷೆಯ ಚಿತ್ರವಾಗಿ ಅಲ್ಲ, ಕೆಟ್ಟ ಗಾಡಿಯ ಮುಂದೆ ನಿಲ್ಲಿಸಿ ಕನ್ನಡದಲ್ಲಿ ಕಲಿಸಲಿ. ಮೂರನೆಯದು ತಯಾರಕರಿಗೆ ಸೇರಿದ್ದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ರಚಿಸಿದಾಗ ಗುರುತಿಸಿದ ನಾಲ್ಕು ಕ್ಷೇತ್ರಗಳಲ್ಲಿ ವಾಹನವೂ ಒಂದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೇ ವಾಹನಗಳ ಮಟ್ಟಿಗೆ ಈ ಹಕ್ಕನ್ನು ಕಾನೂನಾಗಿ ಪಡೆದುಕೊಂಡರು. ಉತ್ಪಾದನೆ ನಿಂತ ಮಾದರಿಗಳ ವೈರಿಂಗ್ ಡಯಾಗ್ರಾಂಗಳನ್ನು ಕಂಪನಿಗಳು ಬಚ್ಚಿಟ್ಟುಕೊಳ್ಳುವುದರಲ್ಲಿ ಯಾವ ವ್ಯಾಪಾರಿ ಗುಟ್ಟೂ ಇಲ್ಲ. ಅವು ಬೀದಿ ಬದಿಯ ಎಲೆಕ್ಟ್ರೀಶಿಯನ್ನಿಗೆ ಬಿಟ್ಟಿಯಾಗಿ ಸಿಗಬೇಕು.

ಇಷ್ಟೆಲ್ಲ ಆಗುವವರೆಗೆ ಗಾಡಿಯ ಮಾಲೀಕರು ಮಾಡಬಹುದಾದದ್ದು ಒಂದಿದೆ. ಮುಂದಿನ ಸಲ 'ಬ್ಯಾಟರಿ ಹೋಗಿದೆ' ಎಂದಾಗ ಸೆಲ್ಫ್ ಹೊಡೆಯುವಾಗ ಎಷ್ಟು ವೋಲ್ಟ್ ಇತ್ತು, ಅರ್ಥ್ ಕಡೆ ಎಷ್ಟು ಇಳಿಯಿತು ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಅಳೆಯಲು ಹೇಳಿ, ಅಳೆದದ್ದಕ್ಕೆ ಚೌಕಾಸಿ ಮಾಡದೆ ದುಡ್ಡು ಕೊಡಿ.